ಬೈಕ್ ಬ್ಯಾಗಿನೊಳಗೆ ನೀರು ಎಲ್ಲಿಂದ ಬಂತು? ಮಳೆಗಾಲದ ಪ್ರವಾಸಕ್ಕೊಂದು ದೋಷ ನಿವಾರಣೆ ಕೈಪಿಡಿ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟಿ ಇಳಿದು ಗೋವಾ ಸೇರುವ ಸವಾರರು ಜುಲೈ ತಿಂಗಳಲ್ಲಿ ಅಲ್ಲಿ ಬ್ಯಾಗು ಬಿಚ್ಚಿದಾಗ ಒಳಗಿನ ಬಟ್ಟೆ ಒದ್ದೆಯಾಗಿರುವುದನ್ನು ಕಾಣುವುದು ಹೊಸ ಸಂಗತಿಯಲ್ಲ. ಹಾಗಾದ ಮೇಲೆ ಹೆಚ್ಚಿನವರು ಆ ಬ್ಯಾಗನ್ನು ಅಟ್ಟಕ್ಕೆ ಸೇರಿಸಿ, ಅದರ ಮೂರು ಪಟ್ಟು ಬೆಲೆಯ ಇನ್ನೊಂದನ್ನು ತರಿಸಿಕೊಳ್ಳುತ್ತಾರೆ. ನೀರು ಯಾವ ದಾರಿಯಿಂದ ಬಂತೆಂದು ತಿಳಿಯದೆ ಹೀಗೆ ಹಣ ಸುರಿಯುವುದು ಸರಿಯಲ್ಲವೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಾಯಿಯನ್ನು ಸರಿಯಾಗಿ ಮಡಚದಿದ್ದರೆ, ಹಿಂಗಾಲಿಯ ಸಿಡಿತಕ್ಕೆ ನೇರವಾಗಿ ಒಡ್ಡಿ ಕಟ್ಟಿದ್ದರೆ, ಅಥವಾ ಬೈಕಿನ ಯಾವುದೋ ಕಬ್ಬಿಣದ ಅಂಚು ಬ್ಯಾಗಿನ ಮೈಯನ್ನು ಸವೆಸುತ್ತಿದ್ದರೆ ದುಬಾರಿ ಬ್ಯಾಗೂ ಅದೇ ರೀತಿ ಸೋರುತ್ತದೆ.

ಈ ಬರಹ ಬಟ್ಟೆ ಅಥವಾ ತಾಡಪತ್ರಿಯಂಥ ಮೆತ್ತನೆಯ ವಸ್ತುವಿನಿಂದ ಮಾಡಿದ ಸ್ಯಾಡಲ್ ಬ್ಯಾಗು (ಹಿಂಗಾಲಿಯ ಎರಡೂ ಪಕ್ಕಕ್ಕೆ ತೂಗುವುದು) ಮತ್ತು ಟೇಲ್ ಬ್ಯಾಗುಗಳಿಗೆ (ಸೀಟಿನ ಹಿಂಭಾಗದ ಮೇಲೆ ಕಟ್ಟುವುದು) ಸಂಬಂಧಿಸಿದ್ದು. ಇಂಥ ಬ್ಯಾಗುಗಳಲ್ಲಿ ಬಟ್ಟೆಯ ಮೈಯ ಮೂಲಕವೇ ನೀರು ಇಳಿಯುವುದು ಬಹಳ ಅಪರೂಪ. ಬಾಯಿ, ಹೊಲಿಗೆ, ಬೆಲ್ಟು ಸೇರುವ ಜಾಗ ಮತ್ತು ಉಜ್ಜಿ ತೂತಾದ ಜಾಗ, ಈ ನಾಲ್ಕರಲ್ಲಿ ಒಂದು ಕಡೆ ದೋಷ ಇದ್ದೇ ಇರುತ್ತದೆ. ಆದ್ದರಿಂದ ಅಂಗಡಿಯವರು ಬಟ್ಟೆಯ ದಪ್ಪವನ್ನು, ಅದರ ಡೆನಿಯರ್ (ನೂಲಿನ ದಪ್ಪದ ಅಳತೆ) ಲೆಕ್ಕವನ್ನು ಎಷ್ಟೇ ಹೊಗಳಿದರೂ, ಸೋರಿಕೆಯ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಮೊದಲು ಇದು ಸೋರಿಕೆಯೇ?

ಪರೀಕ್ಷೆಗೆ ಇಳಿಯುವ ಮುನ್ನ, ಒಳಗಿನ ತೇವ ಹೊರಗಿನಿಂದಲೇ ಬಂದದ್ದೆಂದು ಖಚಿತಪಡಿಸಿಕೊಳ್ಳಬೇಕು. ಚಹಾಕ್ಕೆಂದು ನಿಂತಾಗ ಒದ್ದೆ ರೇನ್‌ಕೋಟನ್ನು ಮಡಚಿ ಬಟ್ಟೆಗಳ ಜೊತೆಗೇ ತುರುಕುವುದು, ನೀರಿನ ಬಾಟಲಿಯ ಮುಚ್ಚಳ ಸಡಿಲಾಗುವುದು, ಬೆಳಗಾವಿಯ ಶ್ರಾವಣದಲ್ಲಿ ಎರಡು ದಿನ ಹಗ್ಗದ ಮೇಲಿದ್ದರೂ ಪೂರ್ತಿ ಒಣಗದ ಬಟ್ಟೆಯನ್ನು ಪ್ಯಾಕ್ ಮಾಡುವುದು, ಇವೆಲ್ಲ ಬ್ಯಾಗಿನ ತಪ್ಪಲ್ಲ.

ಕೆಲವರು ಒಳಗಿನ ಎಲ್ಲ ನೀರನ್ನೂ ಗಾಳಿಯ ತೇವಾಂಶದ ಮೇಲೆ ಹೊರಿಸುತ್ತಾರೆ. ಅದಕ್ಕೊಂದು ಸರಳ ಲೆಕ್ಕವಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದಿಂದ ಪೂರ್ತಿ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿನ ಆವಿ ಇರುತ್ತದೆ. ಅಂದರೆ 40 ಲೀಟರಿನ ಬ್ಯಾಗಿನೊಳಗೆ ಬರೀ ಗಾಳಿಯೇ ತುಂಬಿದ್ದರೂ ಅದರಲ್ಲಿರುವುದು ಹೆಚ್ಚೆಂದರೆ 1.2 ಗ್ರಾಂ ನೀರು. ಘಾಟಿಯ ತಂಪಿಗೆ ಅದು ಒಳಮೈ ಮೇಲೆ ತೆಳುವಾದ ಇಬ್ಬನಿಯಾಗಿ ಕೂರಬಹುದೇ ಹೊರತು ತಳದಲ್ಲಿ ನಿಲ್ಲಲಾರದು. ತಳದಲ್ಲಿ ನೀರು ನಿಂತಿದ್ದರೆ ಅದು ಸೋರಿಕೆಯಿಂದ ಬಂದಿರಬೇಕು, ಇಲ್ಲವೇ ಒದ್ದೆ ಬಟ್ಟೆಯಿಂದ.

ಇದಕ್ಕೆ ವಿರುದ್ಧವಾದ ಗೊಂದಲವೂ ಉಂಟು. ನೈಲಾನ್ ಬ್ಯಾಗಿನ ಹೊರಮೈ ನೀರು ಕುಡಿದು ಕಪ್ಪಾದೊಡನೆ ಬ್ಯಾಗು ಸೋರಿತೆಂದು ತಿಳಿಯುವವರಿದ್ದಾರೆ. ನೀರನ್ನು ತಡೆಯುವುದು ಬಟ್ಟೆಯ ಒಳಬದಿಗಿರುವ ಲೇಪ. ಹೊರಮೈಗೆ ಹಾಕಿದ, ಹನಿಯನ್ನು ಜಾರಿಸುವ ಉಪಚಾರ ಸವೆದಾಗ ನೂಲು ಒದ್ದೆಯಾಗಿ ತೂಕ ಹೆಚ್ಚುತ್ತದೆ, ಆದರೆ ಒಳಗೆ ಒಣಗಿಯೇ ಇರಬಹುದು. ಕೈ ಹಾಕಿ ಒಳಮೈಯನ್ನು ಮುಟ್ಟಿ ನೋಡದೆ ತೀರ್ಮಾನಕ್ಕೆ ಬರಬಾರದು.

ನೀರಿನ ಗುರುತು ಓದುವುದು

ಸೋರಿದ ಬ್ಯಾಗನ್ನು ಬೈಕಿನಿಂದ ಬಿಚ್ಚಿ ಒಳಗೆ ಒಯ್ದು ತಲೆಕೆಳಗೆ ಮಾಡಿದರೆ ಸಾಕ್ಷ್ಯವೆಲ್ಲ ಕಲಸಿಹೋಗುತ್ತದೆ. ಸಾಧ್ಯವಾದರೆ ಬ್ಯಾಗು ಬೈಕಿನ ಮೇಲಿರುವಾಗಲೇ ಬಾಯಿ ತೆರೆದು, ಸಾಮಾನನ್ನು ಒಂದೊಂದಾಗಿ ಹೊರತೆಗೆದು, ಯಾವುದು ಯಾವ ಬದಿಯಲ್ಲಿ ಒದ್ದೆಯಾಗಿದೆಯೆಂದು ನೋಡಬೇಕು. ನೀರು ಎಲ್ಲಿಂದ ಬಂದರೂ ಕೊನೆಗೆ ತಳಕ್ಕೇ ಸೇರುವುದರಿಂದ ತಳದ ನೀರು ಏನನ್ನೂ ಹೇಳುವುದಿಲ್ಲ. ಅದು ಹರಿದು ಬಂದ ದಾರಿ ಹೇಳುತ್ತದೆ. ಮೇಲಿನ ಅಂಗಿಯ ಮಡಿಕೆ ಒದ್ದೆಯಾಗಿದ್ದರೆ ಬಾಯಿಯನ್ನು ಅನುಮಾನಿಸಿ. ಮೇಲಿನದೆಲ್ಲ ಒಣಗಿದ್ದು, ಚಕ್ರದ ಕಡೆಗಿನ ಬದಿಯ ಬಟ್ಟೆಯ ಅಂಚು ಮಾತ್ರ ನೆನೆದಿದ್ದರೆ ಆ ಬದಿಯ ಗೋಡೆಯಲ್ಲಿ ತೂತು ಹುಡುಕಿ.

ಬಣ್ಣ ಇನ್ನೂ ಹೆಚ್ಚು ಹೇಳುತ್ತದೆ. ನಮ್ಮ ಸೀಮೆಯವರಿಗೆ ಇದೊಂದು ಅನುಕೂಲ. ಖಾನಾಪುರದಿಂದ ಪಶ್ಚಿಮಕ್ಕೆ ಹೋದರೆ ರಸ್ತೆಯ ಮೇಲಿನ ನೀರು ಕೆಂಪು, ಬೈಲಹೊಂಗಲ, ಸವದತ್ತಿಯ ಕಡೆಗೆ ಹೋದರೆ ಎರೆ ಮಣ್ಣಿನ ಕಪ್ಪು. ಮೇಲಿನಿಂದ ಬಿದ್ದ ಮಳೆಯ ನೀರು ಸ್ವಚ್ಛವಾಗಿರುತ್ತದೆ, ಚಕ್ರ ಎರಚಿದ ನೀರಿನಲ್ಲಿ ಮಣ್ಣಿರುತ್ತದೆ. ಬಿಳಿ ಬಟ್ಟೆ ಅಥವಾ ಹಳೆಯ ಟವಲಿನಿಂದ ಒಳಗಿನ ನೀರನ್ನು ಒರೆಸಿ ನೋಡಿ. ಕೆಂಪು ಗೆರೆ ಕಂಡರೆ ಆ ನೀರು ಹಿಂಗಾಲಿಯಿಂದಲೋ ಎದುರಿಗೆ ಬಂದ ಲಾರಿಯಿಂದಲೋ ಬಂದದ್ದು, ಹಾಗಾಗಿ ದೋಷ ಬ್ಯಾಗಿನ ಕೆಳಗಿನ ಅರ್ಧದಲ್ಲಿ ಅಥವಾ ಪಕ್ಕದಲ್ಲಿರುವ ಸಾಧ್ಯತೆಯೇ ಹೆಚ್ಚು.

ಖಾನಾಪುರದ ಗೆಳೆಯರೊಬ್ಬರ ಎಡಬದಿಯ ಸ್ಯಾಡಲ್ ಬ್ಯಾಗು ಹೀಗೇ ಪತ್ತೆಗೆ ಸಿಕ್ಕಿತು. ಅವರ ಬಟ್ಟೆಗಳೆಲ್ಲ ಒಣಗಿದ್ದವು, ಒಂದು ಪಂಚೆಯ ಅಂಚಿನಲ್ಲಿ ಮಾತ್ರ ಬೆರಳುದ್ದದ ಕೆಮ್ಮಣ್ಣಿನ ಕಲೆ ಇತ್ತು. ಆ ಕಲೆಯ ಎತ್ತರವನ್ನು ಬ್ಯಾಗಿನ ಒಳಗೋಡೆಯ ಮೇಲೆ ಅಳೆದು, ಅದೇ ಜಾಗದಲ್ಲಿ ಮೊಬೈಲಿನ ದೀಪವನ್ನು ಒಳಗಿನಿಂದ ಒತ್ತಿ ಹಿಡಿದಾಗ ಒಂದೆರಡು ಮಿಲಿಮೀಟರ್ ಅಗಲದ ಬೆಳಕು ಹೊರಗೆ ಕಂಡಿತು. ಹಿಂಗಾಲಿಯ ಪಕ್ಕದ ರಕ್ಷಣಾ ಚೌಕಟ್ಟಾದ ಸಾರಿ ಗಾರ್ಡಿನ ಕಂಬಿಯ ಬೆಸುಗೆಯ ಉಬ್ಬು ಸರಿಯಾಗಿ ಅಲ್ಲಿಗೇ ತಾಗುತ್ತಿತ್ತು. ಬ್ಯಾಗಿನಲ್ಲಿ ಬೇರಾವ ಕೊರತೆಯೂ ಇರಲಿಲ್ಲ.

ಅಂಗಳದ ಪರೀಕ್ಷೆ

ಗುರುತು ಸಿಗದಿದ್ದರೆ ಪರೀಕ್ಷಿಸಲೇಬೇಕು. ಬ್ಯಾಗನ್ನು ಒಳಗೆಲ್ಲ ಒರೆಸಿ, ಒಂದು ಹಗಲು ಬಾಯಿ ತೆರೆದಿಟ್ಟು ಒಣಗಿಸಿ. ಹಳೆಯ ಚಾದರ, ದಿಂಬುಗಳನ್ನು ತುಂಬಿ ಪ್ರವಾಸದ ದಿನ ಇರುವಷ್ಟೇ ಉಬ್ಬು ಬರಿಸಿ, ಒಳಮೈಗೆ ಸುತ್ತಲೂ ದಿನಪತ್ರಿಕೆಯ ಹಾಳೆಗಳನ್ನು ಒತ್ತಿ ನಿಲ್ಲಿಸಿ. ಹಾಳೆಯ ಮೇಲೆ ಮಕ್ಕಳ ಸ್ಕೆಚ್ ಪೆನ್ನಿನಿಂದ ಅಡ್ಡಗೆರೆಗಳನ್ನು ಎಳೆದಿದ್ದರೆ ಹನಿ ತಾಗಿದಲ್ಲೆಲ್ಲ ಗೆರೆ ಹರಡಿ ಜಾಗವನ್ನು ತೋರಿಸಿಕೊಡುತ್ತದೆ. ಬಾಯಿಯನ್ನು ಪ್ರವಾಸದಲ್ಲಿ ಮುಚ್ಚುವಂತೆಯೇ ಮುಚ್ಚಿ, ಬೈಕಿನ ಮೇಲೆ ಕಟ್ಟುವಂತೆಯೇ ಕಟ್ಟಿ, ಬೈಕನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ನೆಲದ ಮೇಲಿಟ್ಟ ಬ್ಯಾಗಿಗೂ ಬೈಕಿನ ಮೇಲೆ ಬೆಲ್ಟು ಬಿಗಿದ ಬ್ಯಾಗಿಗೂ ವ್ಯತ್ಯಾಸವಿದೆ; ಬೆಲ್ಟು ಎಳೆದಾಗಲೇ ಹೊಲಿಗೆಯ ತೂತುಗಳು ಹಿಗ್ಗುತ್ತವೆ.

ನಂತರ ತೋಟದ ಪೈಪು. ಇಲ್ಲಿ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ನೀರನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಒಯ್ಯಬೇಕು. ಮೊದಲ ಹತ್ತು ನಿಮಿಷ ತಳಕ್ಕೆ ಮಾತ್ರ ಹಿಡಿದು ನಿಲ್ಲಿಸಿ, ಒರೆಸಿ, ಒಳಗಿನ ಹಾಳೆ ನೋಡಿ. ಒಣಗಿದ್ದರೆ ನಡುಮೈ, ಆಮೇಲೆ ಬೆಲ್ಟು ಸೇರುವ ಜಾಗಗಳು, ಕೊನೆಗೆ ಬಾಯಿ. ಮೊದಲೇ ಮೇಲಿನಿಂದ ಸುರಿದುಬಿಟ್ಟರೆ ನೀರು ಕೆಳಗಿನ ಎಲ್ಲ ಸಂಶಯದ ಜಾಗಗಳ ಮೇಲೂ ಹರಿಯುವುದರಿಂದ ಯಾವುದು ತಪ್ಪಿತಸ್ಥ ಎಂದು ಹೇಳಲಾಗದು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಷ್ಟು ರಭಸ ಸಾಕು. ವಾಟರ್ ಸರ್ವಿಸಿಂಗ್ ಅಂಗಡಿಯ ಒತ್ತಡದ ಗನ್ನನ್ನು ಹೊಲಿಗೆಯ ಹತ್ತಿರ ಹಿಡಿದರೆ, ಸೂಜಿಯ ತೂತು ಮುಚ್ಚಲು ಒಳಗೆ ಅಂಟಿಸಿದ ಟೇಪೇ ಎದ್ದುಬಂದು, ಇಲ್ಲದ ದೋಷ ಹುಟ್ಟುತ್ತದೆ.

ಅಂಗಳದಲ್ಲಿ ಗೆದ್ದ ಬ್ಯಾಗು ರಸ್ತೆಯಲ್ಲಿ ಸೋಲುವುದೂ ಉಂಟು, ಅದಕ್ಕೆ ಕಾರಣವಿದೆ. ಮಳೆಯ ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಕೆಳಗೆ ಬೀಳುತ್ತದೆ. ಗಂಟೆಗೆ 80 ಕಿಲೋಮೀಟರ್ ಓಡುವ ಬೈಕು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತಿರುತ್ತದೆ. ಎರಡೂ ಸೇರಿದಾಗ ಹನಿ ಬ್ಯಾಗಿನ ಮುಂಬದಿಗೆ ಬಡಿಯುವ ಶಕ್ತಿ, ನಿಂತ ಬ್ಯಾಗಿಗೆ ಬಡಿಯುವುದರ ಸುಮಾರು ಏಳು ಪಟ್ಟಾಗುತ್ತದೆ. ಬೈಕಿನ ಬೆನ್ನ ಹಿಂದೆ ಗಾಳಿ ಸುಳಿಯಾಗಿ ತಿರುಗಿ, ಚಕ್ರದ ಸಿಡಿತವನ್ನು ಟೇಲ್ ಬ್ಯಾಗಿನ ಹಿಂಬದಿಗೆ ಎತ್ತಿ ಹಾಕುತ್ತದೆ. ಆದ್ದರಿಂದ ಪೈಪಿನ ಪರೀಕ್ಷೆಯಲ್ಲಿ ಒಂದೇ ಒಂದು ಹನಿ ಒಳಗೆ ಕಂಡರೂ ಅದನ್ನು ಕ್ಷಮಿಸಬಾರದು.

ಹೊಲಿಗೆಯಿಲ್ಲದೆ, ಬಿಸಿ ಬೆಸುಗೆಯಿಂದ ಕೂಡಿಸಿದ ಪಿವಿಸಿ ಅಥವಾ ಟಿಪಿಯು ಎಂಬ ಪ್ಲಾಸ್ಟಿಕ್‌ನ ಬ್ಯಾಗಾದರೆ ಇನ್ನೂ ಸುಲಭ. ಒಳಗೆ ಗಾಳಿ ತುಂಬಿಸಿ, ಬಾಯಿಯನ್ನು ಬಿಗಿಯಾಗಿ ಸುತ್ತಿ ಬಕಲ್ ಹಾಕಿ, ಮೊಣಕಾಲಿನಿಂದ ಒತ್ತುತ್ತ ಕೂಡುಗಳ ಮೇಲೆ ಸಾಬೂನಿನ ನೀರು ಹಚ್ಚಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯವರನ್ನು ಕೇಳಿಕೊಂಡರೆ ಅವರ ನೀರಿನ ತೊಟ್ಟಿಯಲ್ಲೇ ಅದ್ದಿ ನೋಡಬಹುದು. ಹೊಲಿದು ಟೇಪು ಹಚ್ಚಿದ ಬ್ಯಾಗಿಗೆ ಈ ಪರೀಕ್ಷೆ ಸಲ್ಲದು. ಅಂಥ ಬ್ಯಾಗಿನೊಳಗೆ ನೀರು ತುಂಬಿಸಿ ತೂಗುಹಾಕಿ ನೋಡುವ ಪದ್ಧತಿಯೂ ಮೋಸ ಮಾಡುತ್ತದೆ: ಟೇಪು ಒಳಬದಿಗಿರುವುದರಿಂದ ಒಳಗಿನ ನೀರು ಅದನ್ನು ಹೊಲಿಗೆಯ ಮೇಲೆ ಒತ್ತಿ ಮುಚ್ಚುತ್ತದೆ, ಹೊರಗಿನ ನೀರಾದರೆ ಸೂಜಿಯ ತೂತಿನಿಂದ ನುಗ್ಗಿ ಅದೇ ಟೇಪನ್ನು ಎಬ್ಬಿಸುತ್ತದೆ.

ಬಾಯಿ

ನಾನು ನೋಡಿದ ಸೋರಿಕೆಗಳಲ್ಲಿ ಬಹುಪಾಲು ಬಾಯಿಯಿಂದಲೇ ಆದದ್ದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಸುತ್ತಿ ಮುಚ್ಚುವ ರೋಲ್ ಟಾಪ್ ಬಾಯಿಯಲ್ಲಿ ಬಟ್ಟೆಯ ಮೇಲೆ ಬಟ್ಟೆ ಬಿಗಿಯಾಗಿ ಕೂತು, ನೀರು ಹಲವು ಸಲ ತಿರುಗಿ ಮೇಲೇರಿ ಬರಬೇಕಾದ ದಾರಿಯೊಂದು ನಿರ್ಮಾಣವಾಗುತ್ತದೆ. ಇದಕ್ಕೆ ಕನಿಷ್ಠ ಮೂರು ಸುತ್ತು ಬೇಕು, ನಾಲ್ಕಾದರೆ ಒಳ್ಳೆಯದು. ಬ್ಯಾಗನ್ನು ಕಂಠಮಟ್ಟ ತುಂಬಿದಾಗ ಒಂದೂವರೆ ಸುತ್ತಿಗೇ ಬಕಲ್ ಹಾಕುವ ಪರಿಸ್ಥಿತಿ ಬರುತ್ತದೆ, ಸೋರಿಕೆ ಶುರುವಾಗುವುದು ಅಲ್ಲಿಂದಲೇ. 40 ಲೀಟರ್ ಎಂದು ಬರೆದ ಬ್ಯಾಗಿಗೆ 40 ಲೀಟರ್ ಸಾಮಾನು ತುಂಬಿದರೆ ಸುತ್ತಲು ಬಟ್ಟೆಯೇ ಉಳಿಯದು. ಕಾಲುಭಾಗದಷ್ಟು ಜಾಗ ಬಿಡುವಂತೆ ಬ್ಯಾಗಿನ ಅಳತೆಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಎರಡನೆಯದಾಗಿ, ಸುತ್ತುವಾಗ ಬಾಯಿಯ ಎರಡೂ ತುಟಿಗಳು ಸಮವಾಗಿ ಕೂಡಿರಬೇಕು. ತುಟಿಯ ಉದ್ದಕ್ಕೂ ಹೊಲಿದಿರುವ ಗಟ್ಟಿ ಪಟ್ಟಿ ಇರುವುದು ಇದಕ್ಕಾಗಿಯೇ. ಆ ಪಟ್ಟಿ ಇಲ್ಲದ, ಅಥವಾ ಮುರಿದ ಬ್ಯಾಗಿನಲ್ಲಿ ಮಡಿಕೆ ಸುಕ್ಕಾಗುತ್ತದೆ, ಒಂದೊಂದು ಸುಕ್ಕೂ ಒಳಗೆ ಹೋಗುವ ಒಂದು ಕೊಳವೆ. ಬಾಯಿಯ ಸುತ್ತಿನಲ್ಲಿ ಅಂಗಿಯ ತೋಳೋ, ಚೀಲದ ದಾರವೋ ಸಿಕ್ಕಿಕೊಂಡಿದ್ದರಂತೂ ಅದು ದೀಪದ ಬತ್ತಿ ಎಣ್ಣೆ ಎಳೆಯುವಂತೆ ಹೊರಗಿನ ನೀರನ್ನು ಹೀರಿ ಒಳಗಿನ ಗಂಟಿಗೆ ಮುಟ್ಟಿಸುತ್ತಲೇ ಇರುತ್ತದೆ. ಹೀಗಾದಾಗ ಬ್ಯಾಗಿನಲ್ಲಿ ತೂತೂ ಕಾಣದು, ನೀರೂ ನಿಲ್ಲದು; ಒಂದು ಬಟ್ಟೆ ಮಾತ್ರ ತೊಪ್ಪೆಯಾಗಿರುತ್ತದೆ. ಆ ಒಂದು ಬಟ್ಟೆ ಯಾವುದೆಂದು ನೋಡಿದರೆ ಸಾಕು.

ಮೂರನೆಯದು ದಿಕ್ಕು. ಟೇಲ್ ಬ್ಯಾಗಿನ ಸುತ್ತು ಮುಂದಕ್ಕೆ ತೆರೆದುಕೊಂಡಿದ್ದರೆ ಗಾಳಿ ನೀರನ್ನು ನೇರವಾಗಿ ಮಡಿಕೆಯೊಳಗೆ ತಳ್ಳುತ್ತದೆ. ಸುತ್ತಿದ ಅಂಚು ಹಿಂದಕ್ಕೆ ಮತ್ತು ಕೆಳಕ್ಕೆ ನೋಡುವಂತಿರಬೇಕು, ಬಕಲಿನ ಎರಡು ತುದಿಗಳೂ ಕೆಳಕ್ಕೆ ಬಾಗಿರಬೇಕು. ಮೇಲಕ್ಕೆ ಬಾಗಿ ಒಂದಕ್ಕೊಂದು ಸೇರಿದ ತುದಿಗಳ ನಡುವೆ ತೊಟ್ಟಿಯಂಥ ತಗ್ಗಾಗಿ ನೀರು ನಿಲ್ಲುತ್ತದೆ.

ಜಿಪ್ ಇರುವ ಬ್ಯಾಗುಗಳ ವಿಷಯವನ್ನು ಚುಟುಕಾಗಿ ಹೇಳಬಹುದು. ಸಾಮಾನ್ಯ ಜಿಪ್ಪು ನೀರನ್ನು ತಡೆಯುವುದಿಲ್ಲ. ಮೇಲೆ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಲೇಪವಿರುವ ಜಿಪ್ಪು ನೀರನ್ನು ನಿಧಾನಗೊಳಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಜಿಪ್ಪು ಎಳೆಯುವ ಗುಂಡಿ ಬಂದು ನಿಲ್ಲುವ ತುದಿಯಲ್ಲಿ ಬಿಡುವಿರುತ್ತದೆ, ಮತ್ತು ಬ್ಯಾಗಿನ ಮೂಲೆಯಲ್ಲಿ ಬಾಗುವ ಕಡೆ ಲೇಪ ಬಿರಿಯುತ್ತದೆ. ಕಡಿಮೆ ಬೆಲೆಯ ಬ್ಯಾಗಿನ ಮುಖ್ಯ ಕೋಣೆಗೆ ಜಿಪ್ಪೇ ಬಾಯಿಯಾಗಿದ್ದರೆ ಅದನ್ನು ಮಳೆಬ್ಯಾಗು ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಹೊಲಿಗೆ, ಬೆಲ್ಟು, ಲೇಪ

ಬ್ಯಾಗು ದುರಸ್ತಿ ಮಾಡುವ ಹಿರಿಯ ದರ್ಜಿಯೊಬ್ಬರು ನನ್ನ ಪ್ರಶ್ನೆಗೆ ಕೊಟ್ಟ ಉತ್ತರ ಇಷ್ಟೇ: “ಸೂಜಿ ಚುಚ್ಚಿದ ಮ್ಯಾಲ ನೀರು ಬರೂದರೀ ಸರ್, ಒಳಗ ಟೇಪ್ ಹಚ್ಚಿದ್ರಷ್ಟ ನಿಂದರತೈತಿ.” ಬೆಲ್ಟಿನ ಹೊಲಿಗೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಬೆಲ್ಟನ್ನು ಬ್ಯಾಗಿನ ಗೋಡೆಗೆ ನೇರವಾಗಿ ಚೌಕಾಕಾರದಲ್ಲಿ ಹೊಲಿದಿದ್ದರೆ ಅಲ್ಲಿ ಹತ್ತಾರು ತೂತುಗಳಿರುತ್ತವೆ, ಪೂರ್ತಿ ಭಾರ ಅವುಗಳ ಮೇಲೇ ಬೀಳುತ್ತದೆ, ಒದ್ದೆಯಾದ ಬೆಲ್ಟು ಅವುಗಳಿಗೆ ಸದಾ ನೀರು ಉಣಿಸುತ್ತಿರುತ್ತದೆ. ಒಳ್ಳೆಯ ಬ್ಯಾಗಿನಲ್ಲಿ ಬೆಲ್ಟನ್ನು ಬೇರೊಂದು ತುಂಡಿಗೆ ಹೊಲಿದು, ಆ ತುಂಡನ್ನು ಗೋಡೆಗೆ ಬೆಸುಗೆ ಹಾಕಿರುತ್ತಾರೆ. ಒಳಗಿನಿಂದ ಕೈಯಾಡಿಸಿ ನೋಡಿದಾಗ ದಾರ ಕೈಗೆ ತಾಗಿದರೆ ಆ ಜಾಗ ಸಂಶಯದ್ದೆಂದು ಗುರುತು ಹಾಕಿಕೊಳ್ಳಿ.

ಟೇಪಿನ ಅಂಚು ಎದ್ದಿದೆಯೇ ಎಂದು ಉಗುರಿನಿಂದ ಮೆಲ್ಲಗೆ ಕೆದಕಿ ನೋಡಬಹುದು. ಲೇಪದ ಆರೋಗ್ಯವನ್ನು ಮೂಗು ಮತ್ತು ಬೆರಳು ತಿಳಿಸುತ್ತವೆ: ಒಳಮೈ ಅಂಟಂಟಾಗಿದ್ದು, ಹುಳಿ ವಾಸನೆ ಬರುತ್ತಿದ್ದು, ಉಜ್ಜಿದರೆ ಹೊಟ್ಟಿನಂತೆ ಉದುರುತ್ತಿದ್ದರೆ ಪಿಯು ಲೇಪ ತೇವ ಮತ್ತು ಶಾಖದಿಂದ ಕೆಟ್ಟಿದೆ. ಒದ್ದೆ ಬ್ಯಾಗನ್ನು ಸುತ್ತಿ ಕಪಾಟಿಗೆ ಸೇರಿಸಿ ಮುಂದಿನ ಜೂನ್‌ವರೆಗೆ ಮರೆತವರಿಗೆ ಇದು ಖಂಡಿತ ಬರುವ ತೊಂದರೆ. ಈ ಹಂತದಲ್ಲಿ ಲೇಪಕ್ಕೆ ಮದ್ದಿಲ್ಲ. ಅದನ್ನು ಸಾಮಾನು ಹೊರುವ ಹೊರಚೀಲವಾಗಿ ಮಾತ್ರ ಬಳಸಿ, ಒಳಗೆ ಬೇರೆ ಡ್ರೈ ಬ್ಯಾಗು (ನೀರು ಇಳಿಯದಂತೆ ಮಾಡಿದ, ಬಾಯಿ ಸುತ್ತಿ ಮುಚ್ಚುವ ಚೀಲ) ಇಡುವುದೇ ದಾರಿ.

ರೇನ್ ಕವರಿನ ದೋಷಗಳು

ಕಡಿಮೆ ಬೆಲೆಯ ಬಹಳಷ್ಟು ಸ್ಯಾಡಲ್ ಬ್ಯಾಗುಗಳು ತಾವೇ ನೀರು ತಡೆಯುವುದಿಲ್ಲ, ಜೊತೆಗೊಂದು ರೇನ್ ಕವರ್ ಕೊಡುತ್ತವೆ. ಪೇಟೆಯೊಳಗಿನ ಓಡಾಟಕ್ಕೆ, ಅರ್ಧ ಗಂಟೆಯ ಮಳೆಗೆ ಅದು ಸಾಕು. ಘಾಟಿಯಲ್ಲಿ ಅದು ಸೋಲುವುದಕ್ಕೆ ಕಾರಣಗಳಿವೆ. ಬ್ಯಾಗಿನ ಬೈಕಿಗೆ ತಾಗುವ ಬದಿಯನ್ನು ಕವರು ಮುಚ್ಚುವುದಿಲ್ಲ, ಚಕ್ರದ ನೀರು ಬರುವುದು ಆ ಬದಿಯಿಂದಲೇ. ಗಾಳಿಗೆ ಅದು ಬಡಿದುಕೊಳ್ಳುತ್ತ ಸಡಿಲಾಗುತ್ತದೆ, ಒಳಸೇರಿದ ನೀರು ಕವರಿನ ತಳದಲ್ಲಿ ನಿಂತು ಬ್ಯಾಗು ಆ ನೀರಿನಲ್ಲೇ ಕೂತಿರುತ್ತದೆ. ಬ್ಯಾಗಿನ ತಳದ ನಾಲ್ಕು ಬೆರಳು ಮಾತ್ರ ತೊಯ್ದು ಮೇಲಿನದೆಲ್ಲ ಒಣಗಿದ್ದರೆ ಇದೇ ಕಾರಣವೆಂದು ತಿಳಿಯಿರಿ. ಕವರಿನ ಅತಿ ತಗ್ಗಿನ ಜಾಗದಲ್ಲಿ ಒಂದು ಸಣ್ಣ ತೂತು ಮಾಡಿ ಲೋಹದ ಕಣ್ಣು (ಐಲೆಟ್) ಕೂರಿಸಿಕೊಂಡರೆ ನಿಂತ ನೀರು ಇಳಿದುಹೋಗುತ್ತದೆ. ಕವರಿನ ಮೇಲೊಂದು ಅಗಲವಾದ ಬೆಲ್ಟು ಬಿಗಿದರೆ ಬಡಿತವೂ ನಿಲ್ಲುತ್ತದೆ.

ಬೈಕಿನ ಕಡೆಯ ಕಾರಣಗಳು

ಬ್ಯಾಗನ್ನಷ್ಟೇ ಪರೀಕ್ಷಿಸಿ ಬೈಕನ್ನು ನೋಡದೆ ಬಿಡಬಾರದು. ಹಿಂಬದಿಯ ಮಡ್‌ಗಾರ್ಡನ್ನು ಅಂದಕ್ಕಾಗಿ ಕತ್ತರಿಸಿದ ಬೈಕಿನಲ್ಲಿ ಟೇಲ್ ಬ್ಯಾಗಿನ ತಳಕ್ಕೆ ನೀರು ನಿರಂತರವಾಗಿ ಎರಚುತ್ತದೆ, ಮಳೆ ನಿಂತ ಮೇಲೂ ಎರಚುತ್ತಲೇ ಇರುತ್ತದೆ. ಮೂಲ ಮಡ್‌ಗಾರ್ಡ್ ಮರಳಿ ಹಾಕಿಸುವುದು ಹೊಸ ಬ್ಯಾಗಿಗಿಂತ ಎಷ್ಟೋ ಅಗ್ಗ. ಸಾರಿ ಗಾರ್ಡನ್ನು ತೆಗೆಸುವುದು ಇನ್ನೂ ದೊಡ್ಡ ತಪ್ಪು. ಹಿಂದೆ ಕೂತವರ ಉಡುಪು ಚಕ್ರಕ್ಕೆ ಸಿಲುಕದಂತೆ ತಡೆಯುವ ಈ ರಕ್ಷಣೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಂತೆ ಕಡ್ಡಾಯ. ಸ್ಯಾಡಲ್ ಬ್ಯಾಗು ಚಕ್ರದೊಳಕ್ಕೆ ವಾಲದಂತೆ ಹಿಡಿಯುವುದೂ ಅದೇ. ಅದರ ಒರಟು ಬೆಸುಗೆ ಬ್ಯಾಗಿಗೆ ತಾಗುತ್ತಿದ್ದರೆ ಆ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಬಿಗಿದರೆ ಸಾಕು.

ಸೈಲೆನ್ಸರ್ ಇರುವ ಬದಿಯ ಬ್ಯಾಗಿನ ತಳದಲ್ಲಿ ಹೊಳಪು ಬಂದ, ಗಟ್ಟಿಯಾದ, ಸುಕ್ಕುಗಟ್ಟಿದ ಜಾಗ ಕಂಡರೆ ಅದು ಶಾಖದ ಗುರುತು. ಪಿವಿಸಿ ಕಡಿಮೆ ಶಾಖಕ್ಕೇ ಮೆತ್ತಗಾಗುವ ವಸ್ತು. ಮುಟ್ಟದಿದ್ದರೂ ತೀರ ಹತ್ತಿರವಿದ್ದರೆ ಅದರ ಕೂಡು ಬಿಡುತ್ತದೆ. ಖಾಲಿ ಬ್ಯಾಗು ಕಟ್ಟಿ ಅಂತರ ನೋಡಿದರೆ ಪ್ರಯೋಜನವಿಲ್ಲ. ಪೂರ್ತಿ ತುಂಬಿದ ಬ್ಯಾಗು ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿ, ಹಿಂಬದಿಯ ಸಸ್ಪೆನ್ಷನ್ ಕುಸಿದ ಸ್ಥಿತಿಯಲ್ಲಿ ಅಂತರ ಅಳೆಯಬೇಕು. ನಾಲ್ಕು ಬೆರಳಿಗಿಂತ ಕಡಿಮೆ ಇದ್ದರೆ ನಡುವೆ ಲೋಹದ ತಗಡಿನ ಅಡ್ಡವೊಂದು ಬೇಕೇ ಬೇಕು. ಇದು ಸೋರಿಕೆಯನ್ನು ಮೀರಿದ ವಿಷಯ, ಬ್ಯಾಗಿಗೆ ಬೆಂಕಿ ತಗುಲುವ ಅಪಾಯವಿದೆ.

ದುರಸ್ತಿ

ಪಿವಿಸಿ ಬ್ಯಾಗಿನ ಸಣ್ಣ ತೂತಿಗೆ ಅದೇ ಜಾತಿಯ ತುಂಡನ್ನು ದುಂಡಗೆ ಕತ್ತರಿಸಿ, ಎರಡೂ ಮೈಗಳನ್ನು ಸ್ಪಿರಿಟ್‌ನಿಂದ ಒರೆಸಿ, ಪಾದರಕ್ಷೆಯ ಅಟ್ಟೆ ಅಂಟಿಸಲು ಬಳಸುವ ಪಿಯು ಅಂಟಿನಿಂದ ಒಳಗೂ ಹೊರಗೂ ಕೂರಿಸಬೇಕು. ಟ್ಯೂಬಿಗೆ ಹಚ್ಚುವ ರಬ್ಬರ್ ಸೊಲ್ಯೂಷನ್ ಪಿವಿಸಿಯ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ, ಏಕೆಂದರೆ ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಅಂಶ ಹೊರಬಂದು ಅಂಟನ್ನು ಸಡಿಲಿಸುತ್ತದೆ. ಕ್ಷಣಾರ್ಧದಲ್ಲಿ ಹಿಡಿಯುವ ಅಂಟು ಗಾಜಿನಂತೆ ಗಟ್ಟಿಯಾಗಿ, ಬ್ಯಾಗು ಬಾಗಿದಾಗ ಬಿರಿಯುತ್ತದೆ. ಸಿಲಿಕೋನ್ ಸೀಲಂಟನ್ನು ಮಾತ್ರ ದಯವಿಟ್ಟು ಹಚ್ಚಬೇಡಿ. ಅದು ತಾನೂ ಸರಿಯಾಗಿ ಹಿಡಿಯುವುದಿಲ್ಲ, ಅದರ ಪೊರೆ ಉಳಿದ ಜಾಗದಲ್ಲಿ ಮುಂದೆ ಬೇರಾವ ಅಂಟೂ ಹಿಡಿಯುವುದಿಲ್ಲ. ಬಿಟ್ಟುಹೋದ ಉದ್ದನೆಯ ಕೂಡಿಗೆ ಅಂಟಿಗಿಂತ ಬಿಸಿಗಾಳಿಯ ಬೆಸುಗೆ ಒಳ್ಳೆಯದು. ದೊಡ್ಡ ತಾಡಪತ್ರಿ, ಫ್ಲೆಕ್ಸ್ ಕೂಡಿಸುವ ಅಂಗಡಿಗಳಲ್ಲಿ ಆ ಸಲಕರಣೆ ಇರುತ್ತದೆ, ಕೇಳಿದರೆ ಮಾಡಿಕೊಡುತ್ತಾರೆ. ಟೇಪು ಎದ್ದ ಹೊಲಿಗೆಗೆ ಡೇರೆಗಳಿಗೆ ಹಚ್ಚುವ ಪಿಯು ಸೀಮ್ ಸೀಲರ್ ಸಿಗುತ್ತದೆ, ಅದನ್ನು ತೆಳುವಾಗಿ ಎರಡು ಪದರ ಹಚ್ಚಿ ಒಂದು ದಿನ ಒಣಗಲು ಬಿಡಬೇಕು.

ಕೊಳ್ಳಲೇಬೇಕಾದರೆ

ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ನನ್ನ ಸಲಹೆ ಒಂದೇ: ಭಾರ ಹೊರುವ ಕೆಲಸವನ್ನೂ ನೀರು ತಡೆಯುವ ಕೆಲಸವನ್ನೂ ಬೇರೆ ಬೇರೆ ಚೀಲಗಳಿಗೆ ಒಪ್ಪಿಸಿ. ಹೊರಗೆ ಗಟ್ಟಿ ಬಟ್ಟೆಯ, ಒಳ್ಳೆಯ ಬೆಲ್ಟುಗಳಿರುವ ಸಾಮಾನ್ಯ ಸ್ಯಾಡಲ್ ಬ್ಯಾಗು, ಒಳಗೆ ಹೊಲಿಗೆಯಿಲ್ಲದ, ಬೆಸುಗೆ ಹಾಕಿದ ರೋಲ್ ಟಾಪ್ ಡ್ರೈ ಬ್ಯಾಗು. ಉಜ್ಜುವಿಕೆ, ಬಿಸಿಲು, ಬೆಲ್ಟಿನ ಎಳೆತ ಎಲ್ಲವನ್ನೂ ಹೊರಚೀಲ ತಿನ್ನುತ್ತದೆ, ಒಳಚೀಲ ಬರೀ ನೀರನ್ನು ನೋಡಿಕೊಂಡರೆ ಸಾಕು. ಒಳಚೀಲ ಹೊರಚೀಲಕ್ಕಿಂತ ಸ್ವಲ್ಪ ದೊಡ್ಡದಿರಬೇಕು, ಆಗ ಭಾರ ಅದರ ಕೂಡುಗಳ ಮೇಲೆ ಬೀಳುವುದಿಲ್ಲ. ತಂಗುವ ಜಾಗದಲ್ಲಿ ಕೆಸರಾದ ಹೊರಚೀಲವನ್ನು ಬೈಕಿನ ಮೇಲೇ ಬಿಟ್ಟು ಒಳಚೀಲವನ್ನು ಮಾತ್ರ ಕೋಣೆಗೆ ಒಯ್ಯಬಹುದು ಎಂಬುದು ಇನ್ನೊಂದು ಸೌಕರ್ಯ. ಒಂದೇ ಟೇಲ್ ಬ್ಯಾಗು ಸಾಕೆನ್ನುವ ಒಂಟಿ ಸವಾರರು 500 ಡೆನಿಯರ್ ಪಿವಿಸಿಯ ಡ್ರೈ ಬ್ಯಾಗನ್ನು ಸೀಟಿನ ಮೇಲೆ ನೇರವಾಗಿ ಬೆಲ್ಟಿನಿಂದ ಬಿಗಿದುಕೊಳ್ಳಬಹುದು. ಎಳೆದರೆ ಹಿಗ್ಗುವ ಬಂಜಿ ಹಗ್ಗದ ಕೊಕ್ಕೆ ಮಾತ್ರ ಬೇಡ, ಅದು ಬ್ಯಾಗನ್ನೂ ಚುಚ್ಚುತ್ತದೆ, ಕಳಚಿದರೆ ಚಕ್ರಕ್ಕೂ ಸುತ್ತಿಕೊಳ್ಳುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಹೇಗೆ ಓದಬೇಕೆಂಬುದನ್ನೂ ಹೇಳಬೇಕು. ‘10,000 ಮಿ.ಮೀ.’ ಎಂಬುದು ಬಟ್ಟೆಯ ತುಂಡಿನ ಮೇಲೆ ಎಷ್ಟು ಎತ್ತರದ ನೀರಿನ ಒತ್ತಡ ನಿಂತೀತು ಎಂಬ ಅಳತೆ, ಬ್ಯಾಗಿನ ಹೊಲಿಗೆಗೂ ಬಾಯಿಗೂ ಅದು ಅನ್ವಯಿಸದು. ನೀರು, ದೂಳು ತಡೆಯುವ ಮಟ್ಟವನ್ನು ಹೇಳುವ ಐಪಿ ಅಂಕಿಗಳು ವಿದ್ಯುತ್ ಉಪಕರಣಗಳ ಪೆಟ್ಟಿಗೆಗಳಿಗಾಗಿ ಮಾಡಿದ ಐಇಸಿ 60529 ಮಾನದಂಡದಿಂದ ಬಂದವು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನ ಎರಚಲಿಗೆ ತಡೆ. ಐಪಿಎಕ್ಸ್6 ಎಂದರೆ 12.5 ಮಿ.ಮೀ. ಬಾಯಿಯ ಕೊಳವೆಯಿಂದ ನಿಮಿಷಕ್ಕೆ 100 ಲೀಟರ್ ರಭಸದ ಧಾರೆಗೆ ತಡೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿದರೂ ತಡೆ. ಏಳರಲ್ಲಿ ಗೆದ್ದದ್ದು ಆರರಲ್ಲೂ ಗೆದ್ದಂತೆ ಎಂದು ಮಾನದಂಡ ಹೇಳುವುದಿಲ್ಲ. ಬೈಕಿನವರಿಗೆ ಬೇಕಾದದ್ದು ಧಾರೆಯ ಪರೀಕ್ಷೆಯಾದ ಆರು. ಕಂಪನಿಯ ಹೆಸರೊಂದನ್ನೇ ನೋಡಿ ಕೊಳ್ಳುವುದೂ ಸರಿಯಲ್ಲ, ಏಕೆಂದರೆ ಒಂದೇ ಕಂಪನಿ ರೇನ್ ಕವರಿನ ಹೊಲಿದ ಬ್ಯಾಗನ್ನೂ ಬೆಸುಗೆಯ ಡ್ರೈ ಬ್ಯಾಗನ್ನೂ ಅಕ್ಕಪಕ್ಕದಲ್ಲಿಟ್ಟು ಮಾರುತ್ತಿರಬಹುದು. ಆ ಮಾದರಿಯ ವಿವರದಲ್ಲಿ ನೀರನ್ನು ತಡೆಯುವುದು ಬ್ಯಾಗೋ ಕವರೋ ಎಂದು ಹುಡುಕಿ ಓದಬೇಕು.

ಅಂಗಡಿಯಲ್ಲಿ ಕೈಗೆ ಸಿಕ್ಕ ಬ್ಯಾಗನ್ನು ಅಲ್ಲೇ ಗಾಳಿ ತುಂಬಿಸಿ ಮೂರು ಸುತ್ತು ಸುತ್ತಿ, ಬಕಲ್ ಹಾಕಿ, ಎರಡೂ ಕೈಗಳಿಂದ ಅದುಮಿ ಕಿವಿಗೆ ಹತ್ತಿರ ಹಿಡಿಯಿರಿ. ಬೆಸುಗೆಯ ಬ್ಯಾಗಾಗಿದ್ದು ಸುಯ್ಯೆಂಬ ಸದ್ದು ಕೇಳಿದರೆ ಇನ್ನೊಂದನ್ನು ಕೇಳಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಚೀಟಿಯನ್ನು ಕೀಳದೆ, ಈ ಗಾಳಿಯ ಪರೀಕ್ಷೆಯನ್ನೇ ಮೊದಲು ಮಾಡಿ. ಅದರಲ್ಲಿ ಗೆದ್ದ ಮೇಲೆ, ಮೇ ತಿಂಗಳ ಕೊನೆಯೊಳಗೆ, ಬೈಕಿಗೆ ಕಟ್ಟಿ ದಿನಪತ್ರಿಕೆ ಹಾಕಿ ಪೈಪಿನ ಪರೀಕ್ಷೆ ಮುಗಿಸಿಕೊಳ್ಳಿ, ಏಕೆಂದರೆ ಜೂನ್ ಕಾಲಿಟ್ಟ ಮೇಲೆ ಹಚ್ಚಿದ ಅಂಟು ಒಣಗುವ ಹವೆ ನಮ್ಮ ಊರಿನಲ್ಲಿ ಸಿಗುವುದು ಕಷ್ಟ.